ಸಂವಿಧಾನ ಇದ್ದರೆ ಸಾಕಾ? ಮೈಸೂರು, ಚೀನಾ ಮತ್ತು ನಮ್ಮ ಕೊಬ್ಬರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ತೋಟಗಳ ಪಂಪ್‌ಮನೆಯಲ್ಲಿ ಪ್ಯಾನೆಲ್ ಬೋರ್ಡ್ ನೋಡಿರುತ್ತೀರಿ. ಅದರ ಮೀಟರ್ ವೋಲ್ಟೇಜ್ ಎಷ್ಟಿದೆ ಅಂತ ತೋರಿಸುತ್ತೆ, ಅಷ್ಟೇ. ಮೋಟಾರ್ ಸುಟ್ಟುಹೋಗದ ಹಾಗೆ ಟ್ರಿಪ್ ಮಾಡೋದು ರಿಲೇ. ಆಡಳಿತದಲ್ಲೂ ಹೀಗೇ: ಜನರ ಮಾತು ಕೇಳೋ ವ್ಯವಸ್ಥೆ ಬೇರೆ, ಅಧಿಕಾರಕ್ಕೆ ತಡೆ ಹಾಕೋ ವ್ಯವಸ್ಥೆ ಬೇರೆ. ಎರಡನೆಯದು ಇದ್ದರೆ ಮಾತ್ರ ಅದು ನಿಜವಾದ ಸಾಂವಿಧಾನಿಕ ಆಡಳಿತ.

ನಮ್ಮ ಹಳೇ ಮೈಸೂರನ್ನೇ ನೋಡಿ. 1881ರ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ತಾಲ್ಲೂಕುಗಳಿಂದ ಜಮೀನುದಾರರು, ಜಿಲ್ಲೆಗಳಿಂದ ವರ್ತಕರು ಬಂದರು. ಅಹವಾಲು ಹೇಳಬಹುದಿತ್ತು, ಆದರೆ ಸರ್ಕಾರವನ್ನು ತಡೆಯುವ ಹಾಗಿರಲಿಲ್ಲ. ಅದು ಮೀಟರ್! 1891ರಲ್ಲಿ ಚುನಾವಣೆ ಬಂತು. 1923ರ ಕಾಯ್ದೆಯಿಂದ ಹೊಸ ತೆರಿಗೆ ಹಾಕೋ ಮೊದಲು ಸಭೆಯನ್ನು ಕೇಳಬೇಕು ಅಂತಾಯಿತು. ಆದರೂ ಕೊನೆಯ ಮಾತು ಅರಮನೆಯದ್ದೇ. 1947ರ 'ಮೈಸೂರು ಚಲೋ' ಚಳವಳಿ ಆದಮೇಲೇ ಕೆ.ಸಿ. ರೆಡ್ಡಿ ಅವರ ಜವಾಬ್ದಾರಿ ಸರ್ಕಾರ ಬಂದದ್ದು.

ಚೀನಾದಲ್ಲಿ ಚಿಂಗ್ ದೊರೆಗಳು 1908ರಲ್ಲಿ ಸಂವಿಧಾನದ ಕರಡು ಹೊರಡಿಸಿದರು. ಅದರಲ್ಲೂ ಚಕ್ರವರ್ತಿಯೇ ಸರ್ವೋಚ್ಚ. 1912ಕ್ಕೆ ಆ ರಾಜವಂಶವೇ ಮುಗಿಯಿತು. ಅಲ್ಲಿ ಈಗಿರೋದು 1982ರ ಸಂವಿಧಾನ. ವಾಕ್ ಸ್ವಾತಂತ್ರ್ಯ ಅದರ 35ನೇ ವಿಧಿಯಲ್ಲೇ ಇದೆ. ಆದರೆ ಒಂದು ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ರದ್ದು ಮಾಡೋ ಅಧಿಕಾರ ಅಲ್ಲಿನ ಕೋರ್ಟುಗಳಿಗೆ ಇಲ್ಲ. 2018ರಲ್ಲಿ ಅಧ್ಯಕ್ಷರಿಗೆ ಎರಡೇ ಅವಧಿ ಅನ್ನೋ ಮಿತಿ ತೆಗೆದಾಗ ಪರವಾಗಿ 2,958 ಮತ, ವಿರುದ್ಧ ಬರೀ 2.

ನಮ್ಮಲ್ಲಿ ರಿಲೇ ಎಲ್ಲಿದೆ? ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1973ರಲ್ಲಿ 13 ನ್ಯಾಯಮೂರ್ತಿಗಳ ಪೀಠ 7-6ರ ಬಹುಮತದಲ್ಲಿ ಹೇಳಿತು: ಸಂಸತ್ತು ಸಂವಿಧಾನ ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವ ಹಾಗಿಲ್ಲ. ಅಂದರೆ ಎಷ್ಟೇ ದೊಡ್ಡ ಬಹುಮತ ಬಂದರೂ ಒಂದು ಮಿತಿ ಇದೆ.

ಹಾಗಂತ ಎಲ್ಲಾ ಕಡೆ ರಿಲೇ ಇದೆ ಅಂದುಕೊಳ್ಳಬೇಡಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಣೆ ಆಗಿತ್ತು. ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ತುಂಬಾ ಕೆಳಗೆ ಬಿತ್ತು. ಕಬ್ಬಿನ ದರವನ್ನು ಕಾರ್ಖಾನೆಗಳು ಕೊಡಲೇಬೇಕು ಅನ್ನೋಕೆ 1966ರ ಕಬ್ಬು ನಿಯಂತ್ರಣ ಆದೇಶ ಇದೆ. ಕೊಬ್ಬರಿಯ ಬೆಂಬಲ ಬೆಲೆಗೆ ಅಂಥ ಕಾನೂನಿನ ಬಲ ಇಲ್ಲ. ಸರ್ಕಾರ ಖರೀದಿ ಕೇಂದ್ರ ತೆರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾನೂನು ಮಾಡಿದರೆ ಅದರ ಖರ್ಚು ಯಾರು ಹೊರಬೇಕು ಅನ್ನೋ ಪ್ರಶ್ನೆಯೂ ನಿಜವೇ, ಅದನ್ನೂ ಚರ್ಚಿಸಬೇಕು.

ಮುಂದೆ ಯಾವುದೇ ಯೋಜನೆಯ ಸುದ್ದಿ ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಬರೀ ಘೋಷಣೆಯಾ, ಇಲ್ಲಾ ಸಿಗದಿದ್ದರೆ ಕೋರ್ಟಿನಲ್ಲಿ ಕೇಳಬಹುದಾದ ಹಕ್ಕಾ?