ನೂರಿಪ್ಪತ್ನಾಲ್ಕು ರೂಪಾಯಿ ಯಾತಕ್ಕೆ?

ಭಾನುವಾರ ಮಧ್ಯಾಹ್ನ ಅಂಕಣಕಾರ ಅಮ್ಮನನ್ನು ಕರೆದುಕೊಂಡು ಬೆಂಗಳೂರಿನ ಒಂದು ಏಸಿ ರೆಸ್ಟೋರೆಂಟಿಗೆ ಹೋಗಿದ್ದ. ಊಟ ಮುಗಿದು ಸೋಂಪಿನ ಬಟ್ಟಲಿನ ಜೊತೆ ಬಿಲ್ಲು ಬಂತು. ಅವನು ಮೊಬೈಲ್ ತೆಗೆಯುವಷ್ಟರಲ್ಲಿ ಅಮ್ಮ ಕನ್ನಡಕ ಏರಿಸಿಕೊಂಡು, "ಇದ್ಯಾತಕ್ಕೋ ನೂರಿಪ್ಪತ್ನಾಲ್ಕು? ನಾವು ತಿಂದಿದ್ದರಲ್ಲಿ ಇದಿಲ್ವಲ್ಲ" ಅಂದರು.

ತಿಂದದ್ದು 1,240 ರೂಪಾಯಿಯದು. ಅದರ ಮೇಲೆ ಶೇ 10ರಷ್ಟು ಸರ್ವಿಸ್ ಚಾರ್ಜ್, 124. ಎರಡೂ ಸೇರಿದ 1,364ರ ಮೇಲೆ ಶೇ 5 ಜಿಎಸ್‌ಟಿ. ಒಟ್ಟು 1,432 ರೂಪಾಯಿ 20 ಪೈಸೆ. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ 1,302ಕ್ಕೆ ಮುಗಿಯುತ್ತಿತ್ತು.

ಜಿಎಸ್‌ಟಿ ಸರ್ಕಾರಕ್ಕೆ ಹೋಗುತ್ತದೆ, ಕೊಡಲೇಬೇಕು. ಸರ್ವಿಸ್ ಚಾರ್ಜ್ ಹಾಗಲ್ಲ, ಅದು ಹೋಟೆಲಿನವರದೇ ದುಡ್ಡು. ಕೇಳದೆ ಅದನ್ನು ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತು. ಹೋಟೆಲ್ ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಕೋರ್ಟು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಹೋಟೆಲಿನವರು ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಅದರ ಅಗತ್ಯ ಬೀಳಲಿಲ್ಲ. ಸರ್ವಿಸ್ ಚಾರ್ಜ್ ತೆಗೆಯಿರಿ ಎಂದಾಗ ಮ್ಯಾನೇಜರ್ ಎರಡು ಮಾತಾಡದೆ ಬೇರೆ ಬಿಲ್ಲು ಮಾಡಿಕೊಟ್ಟರು. ಅಮ್ಮನಿಗೆ ಮೂರು ಸಲ ಬಿಸಿ ಸಾರು ತಂದು ಬಡಿಸಿದ ಹುಡುಗನ ಕೈಗೆ ಅಂಕಣಕಾರ 50 ರೂಪಾಯಿ ಇಟ್ಟ. ಬಡಿಸಿದವರ ಕೈಗೇ ಕೊಟ್ಟದ್ದು ಅವರಿಗೆ ತಲುಪುತ್ತದೆ ಎಂಬ ನಂಬಿಕೆ ಅವನದು.

ಮನೆಗೆ ಬಂದು ಅವನು ಆ ತಿಂಗಳ ಚೀಟಿಗಳನ್ನೆಲ್ಲ ಹರವಿಕೊಂಡು ಕೂತ. ಹೆಚ್ಚಿನವು ದರ್ಶಿನಿಗಳವು. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಬೆಳೆದ ಈ ಪದ್ಧತಿಯಲ್ಲಿ ಟೋಕನ್ ಕೊಟ್ಟು, ತಟ್ಟೆ ತಾನೇ ಎತ್ತಿಕೊಂಡು, ನಿಂತು ತಿನ್ನುವುದು. ಸರ್ವಿಸ್ ಚಾರ್ಜಿಗೆ ಅಲ್ಲಿ ಜಾಗವೇ ಇಲ್ಲ. ಆದರೆ ಬೀದಿ ತುದಿಯ ಒಂದು ಪುಟ್ಟ ಹೋಟೆಲಿನ ಚೀಟಿ ಅವನನ್ನು ತಡೆಯಿತು. ತಲೆಯಲ್ಲಿ 'ಬಿಲ್ ಆಫ್ ಸಪ್ಲೈ', ಕೆಳಗೆ 90 ರೂಪಾಯಿ ದೋಸೆಗೆ ನಾಲ್ಕೂವರೆ ರೂಪಾಯಿ ಜಿಎಸ್‌ಟಿ.

ಇವೆರಡೂ ಒಟ್ಟಿಗೆ ಇರುವಂತಿಲ್ಲ. ವರ್ಷಕ್ಕೆ ಒಂದೂವರೆ ಕೋಟಿಯೊಳಗೆ ವಹಿವಾಟು ಮಾಡುವ ಹೋಟೆಲು ಕಾಂಪೊಸಿಷನ್ ಯೋಜನೆಗೆ ಸೇರಿದರೆ ಕೊಡುವುದು 'ಬಿಲ್ ಆಫ್ ಸಪ್ಲೈ'; ಆಗ ಅದು ಶೇ 5 ತೆರಿಗೆಯನ್ನು ತನ್ನ ಗಲ್ಲಾದಿಂದಲೇ ಕಟ್ಟಬೇಕು, ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಮಾರನೇ ದಿನ ಚೀಟಿ ತೋರಿಸಿದಾಗ ಮಾಲೀಕರು ನಿಜವಾಗಿಯೂ ಕಂಗಾಲಾದರು. "ಮೆಷಿನ್ ಹಾಕಿಕೊಟ್ಟೋನು ಹಂಗೇ ಸೆಟ್ ಮಾಡಿದಾನೆ ಸಾರ್, ನಮಗೆ ಗೊತ್ತಾಗಲಿಲ್ಲ."

ಮುಂದಿನ ವಾರದ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಮಸಾಲೆ ದೋಸೆ, 90.