ಮುದ್ದೆ ಕೋಲೂ ಪಂಪಿನ ತಂತಿಯೂ



ಒಲೆಯ ಮೇಲಿನ ಪಾತ್ರೆ ಕೈ ಸುಡುತ್ತದೆ. ಅದರಲ್ಲೇ ಮುದ್ದೆ ತಿರುವುವ ಕೋಲಿನ ಹಿಡಿ ಸುಡುವುದಿಲ್ಲ. ಲೋಹ ಶಾಖವನ್ನು ಬೇಗ ಸಾಗಿಸುತ್ತದೆ, ಮರ ಬಲು ನಿಧಾನ. ವಿದ್ಯುತ್ತಿನ ನಡೆಯೂ ಬಹುಮಟ್ಟಿಗೆ ಹೀಗೆಯೇ. ಎರಡರಲ್ಲೂ ಬೆಳ್ಳಿ ಮೊದಲು, ತಾಮ್ರ ಅದರ ಬೆನ್ನಿಗೇ. ಅಲ್ಯೂಮಿನಿಯಂ ವಿದ್ಯುತ್ತನ್ನು ಸಾಗಿಸುವುದು ತಾಮ್ರದ ನೂರಕ್ಕೆ 60 ಪಾಲು. ಹಗುರ, ಅಗ್ಗವಾದ್ದರಿಂದ ಕಂಬದ ತಂತಿಗೆ ಅದೇ. ಕಬ್ಬಿಣದ್ದು ತಾಮ್ರದ ಆರರಲ್ಲಿ ಒಂದು ಪಾಲು. ಹಾಗೆಂದು ಉದಾಸೀನ ಬೇಡ. ಪಂಪಿನ ಮೈಗೆ ಕರೆಂಟು ಹಾಯ್ದರೆ ಪ್ರಾಣ ತೆಗೆಯಲು ಅಷ್ಟೇ ಸಾಕು.

ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಈಗ ಬನಶಂಕರಿಯಾಚೆ ಕನಕಪುರ ರಸ್ತೆಯ ಹಳ್ಳಿಗಳ ತೋಟಗಳಲ್ಲೂ ಮೋಟಾರುಗಳಿವೆ.

ಒಣ ಮರ ಕರೆಂಟನ್ನು ತಡೆಯುತ್ತದೆ, ನೆನೆದ ಮರ ತಡೆಯದು. ಬಾವಿಯ ನೀರಿನಲ್ಲಿ ಲವಣಗಳು ಕರಗಿರುತ್ತವೆ. ಅದು ಮರದೊಳಗಿಳಿದರೆ ಕರೆಂಟಿಗೆ ದಾರಿಯಾಯಿತು. ಮೋಟಾರಿಗೆ ಯಾರಾದರೂ ಅಂಟಿಕೊಂಡರೆ ಮೊದಲು ಮೇನ್ ಸ್ವಿಚ್ಚು ತೆಗೆಯಿರಿ. ಅದು ದೂರವಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಕೋಲಿನಿಂದ ಸರಿಸಿ. ಬರಿಗೈ ಬೇಡ, ಹಸಿ ಕೊಂಬೆಯೂ ಬೇಡ. ಕಂಬದಿಂದ ಕಡಿದು ಬಿದ್ದ ತಂತಿಯ ಬಳಿಗಂತೂ ಕೋಲು ಹಿಡಿದೂ ಹೋಗಕೂಡದು. ವಿದ್ಯುತ್ ಕಚೇರಿಗೆ ತಿಳಿಸಿ.

ಅರ್ತ್ ತಂತಿಯನ್ನು ದಂಡದ ಖರ್ಚೆಂದು ಬಿಡುವವರುಂಟು. ಎರಡು ಮೂಟೆ ಗೊಬ್ಬರ ಕಡಿಮೆ ತಂದರೂ ಚಿಂತೆಯಿಲ್ಲ, ಇದನ್ನು ಬಿಡಬೇಡಿ. ಒಣ ಮಣ್ಣಿನಲ್ಲಿ ಕರೆಂಟು ಸುಲಭವಾಗಿ ಹರಿಯದು. ಅದಕ್ಕೇ ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ತುಂಬುವುದು. ಬೇಸಿಗೆಯಲ್ಲಿ ಆಗಾಗ ಗುಂಡಿಗೆ ಎರಡು ಕೊಡ ನೀರು ಸುರಿಯಿರಿ. ತಂತಿ ಕೂಡುವ ಕಡೆ ತುಕ್ಕು ಹಿಡಿದಿದ್ದರೆ ಕರೆಂಟಿನ ದಾರಿ ಕಟ್ಟುತ್ತದೆ. ಅದನ್ನು ಪರವಾನಗಿಯುಳ್ಳ ಕೆಲಸಗಾರರಿಂದಲೇ ಸರಿಪಡಿಸಿಕೊಳ್ಳಿ.