ಏರಿಗೆ ಬೇಕಿರುವುದು ಹೆಚ್ಚು ಗೇರೇ?

ಪ್ರಶ್ನೆ: ಮಹಾಕೂಟದಿಂದ ಬಾದಾಮಿಯ ಕಾಲೇಜಿಗೆ ರೋಡ್ ಸೈಕಲ್‌ನಲ್ಲಿ ಹೋಗುತ್ತೇನೆ. ರಜೆಯಲ್ಲಿ ಪಟ್ಟದಕಲ್ಲು, ಐಹೊಳೆಗೂ ಹೋಗುವುದುಂಟು. ಹಿಂದೆ 8 ಗೇರ್ ಇವೆ. ಏರು ಬಂದರೆ ಕಾಲು ಸೋಲುತ್ತದೆ. 12 ಗೇರ್ ಹಾಕಿಸಲೇ?

ಉತ್ತರ: ಈಗಲೇ ಬೇಡ. ಏರು ಹತ್ತಿಸುವುದು ಗೇರಿನ ಎಣಿಕೆಯಲ್ಲ, ಹಲ್ಲಿನ ಲೆಕ್ಕ. ಮುಂದಿನ ಚಿಕ್ಕ ಚಕ್ರಕ್ಕೆ 34, ಹಿಂದಿನ ದೊಡ್ಡದಕ್ಕೆ 28 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 2.5 ಮೀಟರ್ ಸಾಗುತ್ತದೆ. ಹಿಂದೆಯೂ 34 ಹಲ್ಲಾದರೆ 2.1 ಮೀಟರ್, ತುಳಿತ ಅಷ್ಟು ಹಗುರ. 8 ಗೇರಿನಲ್ಲೇ 11–34 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಸಿಗುತ್ತದೆ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ನಿಮ್ಮ ಡಿರೇಲರ್ ಅದಕ್ಕೆ ಹೊಂದುತ್ತದೆಯೇ ಎಂದು ಮೆಕ್ಯಾನಿಕ್‌ಗೆ ಕೇಳಿ. ಇನ್ನಷ್ಟು ಉದ್ದದ ಚೈನ್ ಬೇಕಾಗಬಹುದು.

12 ಗೇರಿಗೆ ಹೋದರೆ ಶಿಫ್ಟರ್, ಡಿರೇಲರ್, ಕ್ಯಾಸೆಟ್, ಚೈನ್ ಎಲ್ಲ ಬದಲಾಗಬೇಕು, ಕೆಲವೊಮ್ಮೆ ಹಿಂದಿನ ಗಾಲಿಯೂ. ಲಾಭವಿಲ್ಲವೆಂದಲ್ಲ: ಗೇರ್‌ಗಳ ನಡುವಿನ ಅಂತರ ಕಿರಿದಾಗುವುದರಿಂದ, ರೇಸಿನಲ್ಲಿ ಗುಂಪಿನ ವೇಗ ಏರಿಳಿದರೂ ತುಳಿತದ ಲಯ ತಪ್ಪುವುದಿಲ್ಲ. ಬಾಗಲಕೋಟೆ, ವಿಜಯಪುರದ ರಸ್ತೆ ರೇಸಿನ ಹುಡುಗರಿಗೆ ಅದು ಬೇಕು. ವೆಲೊಡ್ರೋಮ್‌ನಲ್ಲಿ ಓಡುವ ಟ್ರ್ಯಾಕ್ ಸೈಕಲ್ಲಿಗಾದರೋ ಗೇರ್ ಒಂದೇ.

ಸದ್ಯಕ್ಕೆ ಕ್ಯಾಸೆಟ್ ಬದಲಿಸಿ, ಉಳಿದ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ. ರೇಸಿಗೆ ಇಳಿಯುವ ದಿನ 12ರ ಮಾತಾಡೋಣ.